ಮುಖವಾಡದ ಗೋಲ್‌ಕೀಪರ್

ಮಕ್ಕಳೇ, ಐಸ್ ಹಾಕಿಯಲ್ಲಿ ಚೆಂಡಿಲ್ಲ, ಗಟ್ಟಿ ರಬ್ಬರಿನ ಬಿಲ್ಲೆ. ಹಿಂದೆ ಬಹುತೇಕ ಗೋಲ್‌ಕೀಪರುಗಳು ಅದನ್ನು ಬರಿ ಮುಖದಲ್ಲೇ ಎದುರಿಸುತ್ತಿದ್ದರು! ಕೆನಡಾದ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಅಭ್ಯಾಸದ ವೇಳೆ ಮುಖವಾಡ ತೊಡುತ್ತಿದ್ದ. ಪಂದ್ಯದಲ್ಲಿ ತೊಡಲು ತರಬೇತುದಾರ ಟೋ ಬ್ಲೇಕ್ ಬಿಡುತ್ತಿರಲಿಲ್ಲ.

1959ರ ನವೆಂಬರ್ 1, ನ್ಯೂಯಾರ್ಕ್. ಆಂಡಿ ಬಾತ್‌ಗೇಟ್ ಹೊಡೆದ ಬಿಲ್ಲೆ ಪ್ಲಾಂಟ್‌ನ ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡವನು, ಮುಖವಾಡವಿಲ್ಲದೆ ಇಳಿಯುವುದಿಲ್ಲ ಎಂದುಬಿಟ್ಟ. ತಂಡದಲ್ಲಿ ಬದಲಿ ಗೋಲ್‌ಕೀಪರ್ ಇರಲಿಲ್ಲ. ಬ್ಲೇಕ್ ಒಪ್ಪಲೇಬೇಕಾಯಿತು. 3–1ರಿಂದ ಗೆದ್ದರು.

ಹೇಡಿ ಎಂದು ಹಂಗಿಸಿದವರೂ ಇದ್ದರು. ಕ್ಯಾಷ್ ಕೌಂಟರಿನ ಕಂಬಿಯ ಹಿಂದೆ ವರ್ಷಗಟ್ಟಲೆ ಕುಳಿತ ನನಗಂತೂ ಹಾಗನ್ನಿಸದು. ಆ ಋತುವಿನಲ್ಲೇ ತಂಡಕ್ಕೆ ಸತತ ಐದನೇ ಸ್ಟ್ಯಾನ್ಲಿ ಕಪ್ ದಕ್ಕಿತು.

ಅಜ್ಜಿಯಂದಿರೇ, ಕೇಳಿ: ಹನ್ನೊಂದು ಮಕ್ಕಳಲ್ಲಿ ಹಿರಿಯನಾದ ಈತ ತನ್ನ ಉಣ್ಣೆಯ ಟೊಪ್ಪಿಗೆಗಳನ್ನು ತಾನೇ ಹೆಣೆದುಕೊಳ್ಳುತ್ತಿದ್ದ.