ವಾಲ್ವ್ ಆಂಪ್ ಗುಂಯ್‌ಗುಟ್ಟಿದರೆ ಎಲ್ಲಿ ಹುಡುಕಬೇಕು?

ಮನೆಯಲ್ಲೇ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಕಟ್ಟಲು ಹೊರಟವರಲ್ಲಿ ಬಹಳ ಮಂದಿ ಫೆಂಡರ್ ಕಂಪನಿಯ ಚಾಂಪ್ 5ಎಫ್1 ಸರ್ಕಿಟ್ಟಿಗೆ ಬಂದು ನಿಲ್ಲುತ್ತಾರೆ. 1950ರ ದಶಕದ ಈ ವಿನ್ಯಾಸದಲ್ಲಿರುವುದು ಮೂರೇ ವಾಲ್ವ್: ಪ್ರಿಆಂಪ್‌ಗೆ 12ಎಎಕ್ಸ್7, ಔಟ್‌ಪುಟ್‌ಗೆ 6ವಿ6, ರೆಕ್ಟಿಫೈಯರ್ ಆಗಿ 5ವೈ3. ಶಕ್ತಿ ಸುಮಾರು 5 ವ್ಯಾಟ್. ಒಂದು ಸಂಜೆಯಲ್ಲಿ ಅರ್ಥವಾಗುವಷ್ಟು ಸರಳ. ಆದರೆ ಹಮ್, ಅಂದರೆ ಈ ಗುಂಯ್ ಸದ್ದಿನ ವಿಚಾರದಲ್ಲಿ ಇದು ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ. ಜೋಡಿ ಔಟ್‌ಪುಟ್ ವಾಲ್ವ್ ಇರುವ ಪುಶ್‌ಪುಲ್ ಆಂಪ್‌ನಲ್ಲಿ ಪವರ್ ಸಪ್ಲೈಯ ಏರಿಳಿತ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಎರಡು ಅರ್ಧಗಳಲ್ಲಿ ಎದುರುಬದುರಾಗಿ ಹರಿದು ಬಹುಪಾಲು ಅಲ್ಲೇ ಅಳಿಸಿಹೋಗುತ್ತದೆ. ಒಂಟಿ 6ವಿ6ಗೆ ಆ ಅನುಕೂಲವಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಕಟ್ಟುವವರು ಮರೆಯುವಂಥದ್ದು. ಈ ಸರ್ಕಿಟ್ ಬರೆದದ್ದು 60 ಹರ್ಟ್ಜ್ ಕರೆಂಟಿನ ನಾಡಿನಲ್ಲಿ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಜ್. ರೆಕ್ಟಿಫೈಯರ್ ದಾಟಿದ ಮೇಲೆ ಅಲ್ಲಿ ಸೆಕೆಂಡಿಗೆ 120 ಸಲ ಕೆಪಾಸಿಟರ್ ತುಂಬಿದರೆ ಇಲ್ಲಿ 100 ಸಲ. ಆಂಪ್ 50 ಮಿಲಿಆಂಪಿಯರ್ ಎಳೆಯುತ್ತದೆ, ಮೊದಲ ಕೆಪಾಸಿಟರ್ ಮೂಲದಲ್ಲಿದ್ದಂತೆ 16 ಮೈಕ್ರೋಫ್ಯಾರಡ್ ಎಂದುಕೊಳ್ಳಿ. ಸ್ಥೂಲ ಲೆಕ್ಕದಲ್ಲಿ ಅಲ್ಲಿ 26 ವೋಲ್ಟ್ ಇರುವ ಏರಿಳಿತ ಇಲ್ಲಿ 31 ವೋಲ್ಟ್ ಆಗುತ್ತದೆ. ಒಂದು ಬೆಸುಗೆಯೂ ತಪ್ಪದೆ ಅದೇ ಸರ್ಕಿಟ್ ಇಲ್ಲಿ ಸ್ವಲ್ಪ ಹೆಚ್ಚು ಗುನುಗುತ್ತದೆ.

ಕೈಹಾಕುವ ಮುನ್ನ ಸುರಕ್ಷತೆ. ಒಳಗೆ 300 ವೋಲ್ಟಿಗೂ ಮಿಕ್ಕಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಉಳಿದಿರಬಹುದು. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ಕ್ಲಿಪ್ ಹಾಕಿ, ಪ್ರತಿ ಕೆಪಾಸಿಟರನ್ನೂ ಕೆಲವು ಸೆಕೆಂಡ್ ಚಾಸಿಗೆ ಇಳಿಸಿ, ಆಮೇಲೆ ಮೀಟರ್ ಹಿಡಿದು ಸೊನ್ನೆಯ ಹತ್ತಿರ ಬಂದಿದೆಯೇ ನೋಡಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಹಳೆಯ ಚಾಳಿ ಬೇಡ. ಆಂಪ್ ಚಾಲೂ ಇದ್ದಾಗ ಅಳೆಯಬೇಕಾದರೆ ಒಂದೇ ಕೈ ಬಳಸಿ, ಇನ್ನೊಂದು ಜೇಬಿನಲ್ಲಿರಲಿ. ಸ್ಪೀಕರ್ ಜೋಡಿಸದೆ ಆಂಪ್ ಹಾಕಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾದೀತು.

ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಸದ್ದನ್ನು ಗಮನವಿಟ್ಟು ಕೇಳಿ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿದರೆ 98 ಹರ್ಟ್ಜಿನ ಜಿ ಸ್ವರ ಬರುತ್ತದೆ. ಹಮ್ ಅದಕ್ಕಿಂತ ಕೂದಲೆಳೆ ಮೇಲಿದ್ದರೆ ಅದು 100 ಹರ್ಟ್ಜ್. ರೆಕ್ಟಿಫೈಯರ್, ಫಿಲ್ಟರ್ ಕೆಪಾಸಿಟರ್, ಅವುಗಳ ಗ್ರೌಂಡ್ ವೈರಿಂಗ್ ಕಡೆ ಅನುಮಾನಪಡಿ. ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಜ್. ಹೀಟರ್ ತಂತಿ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಇಲ್ಲವೇ ಹೊರಗಿಂದ ಕೇಬಲ್ಲಿಗೆ ತಗಲುವ ಕರೆಂಟು. 8 ಇಂಚಿನ ಸ್ಪೀಕರ್ 50 ಹರ್ಟ್ಜನ್ನು ಸರಿಯಾಗಿ ನುಡಿಸುವುದಿಲ್ಲ, ಅದರ ಮೇಲಿನ ಸ್ವರಗಳನ್ನಷ್ಟೇ ಕೇಳಿಸುತ್ತದೆ. ಆದ್ದರಿಂದ ಕಿವಿಯ ತೀರ್ಪೇ ಕೊನೆಯದಲ್ಲ. ಮೃದುವಾದ ಗುಂಯ್ ಬದಲು ಒರಟಾಗಿ ಝರ್ರೆಂದರೆ ಗ್ರೌಂಡ್ ತಪ್ಪಿದೆ ಎನ್ನುವ ಅನುಮಾನ ಬಲವಾಗುತ್ತದೆ. ಕರ್ಕಶವಾಗಿ ಕಿರುಚಿದರೆ ಅದು ಹಮ್ ಅಲ್ಲವೇ ಅಲ್ಲ: ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿಗಳು ಅದಲುಬದಲಾಗಿ ಫೀಡ್‌ಬ್ಯಾಕ್ ಉಲ್ಟಾ ಆಗಿರುತ್ತದೆ.

ಇನ್ನು ವಾಲ್ಯೂಮ್ ಗುಂಡಿ. ಚಾಂಪ್‌ನಲ್ಲಿ ಅದು ಇರುವುದು 12ಎಎಕ್ಸ್7ನ ಎರಡು ಅರ್ಧಗಳ ನಡುವೆ. ಗುಂಡಿ ತಿರುಗಿಸಿದಂತೆ ಹಮ್ ಏರಿಳಿದರೆ ಮೂಲ ಅದಕ್ಕಿಂತ ಮುಂಚೆ ಇದೆ: ಮೊದಲ ಅರ್ಧ, ಇನ್‌ಪುಟ್ ಜ್ಯಾಕ್, ಕೇಬಲ್, ಗಿಟಾರ್. ಕೇಬಲ್ ಕಿತ್ತಾಗ ನಿಂತರೆ ಆಂಪ್ ನಿರಪರಾಧಿ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಹಿಡಿದು ಕುಳಿತಲ್ಲೇ ಸುತ್ತ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಹಮ್ ಅಡಗಿ ಇನ್ನೊಂದರಲ್ಲಿ ಏಳುತ್ತದೆ. ಇದರ ಕಾಟಕ್ಕೇ ಗಿಬ್ಸನ್‌ನ ಸೇತ್ ಲವರ್ 1955ರಲ್ಲಿ ಹಂಬಕರ್ ಪಿಕಪ್ಪಿಗೆ ಪೇಟೆಂಟ್ ಅರ್ಜಿ ಹಾಕಿದ್ದು.

ಗುಂಡಿ ಸೊನ್ನೆಗೆ ಇಳಿಸಿದರೂ ಹಮ್ ಹಾಗೇ ಇದ್ದರೆ, ಆಂಪ್ ಆರಿಸಿ, 12ಎಎಕ್ಸ್7 ಕಿತ್ತು, ಅದಿಲ್ಲದೆಯೇ ಆಂಪನ್ನು ಮತ್ತೆ ಚಾಲೂ ಮಾಡಿ. ಈಗ ನಿಂತಿತೇ? ಹಾಗಾದರೆ ಎರಡನೇ ಅರ್ಧ ಅಥವಾ ಅದರ ಸಪ್ಲೈ. ಇನ್ನೂ ಇದೆಯೇ? ಉಳಿದದ್ದು 6ವಿ6, ಪವರ್ ಸಪ್ಲೈ, ಟ್ರಾನ್ಸ್‌ಫಾರ್ಮರ್. ಆದರೆ 6ವಿ6 ಕಿತ್ತು ಪರೀಕ್ಷಿಸಲು ಹೋಗಬೇಡಿ. ಭಾರವಿಲ್ಲದ ಸಪ್ಲೈ ವೋಲ್ಟೇಜ್ ಮೇಲಕ್ಕೆ ಹಾರಿ ಕೆಪಾಸಿಟರಿನ ಮಿತಿ ದಾಟಬಹುದು.

100 ಹರ್ಟ್ಜ್ ಎಂದು ಗೊತ್ತಾದೊಡನೆ ಎಲ್ಲರೂ ಮಾಡುವುದು ಒಂದೇ: ದೊಡ್ಡ ಕೆಪಾಸಿಟರ್ ಹಾಕುವುದು. ಮೊದಲನೆಯದಕ್ಕೆ ಇದು ಅಪಾಯ. 5ವೈ3 ಹಳೆಯ ಕಾಲದ ವಾಲ್ವ್ ರೆಕ್ಟಿಫೈಯರ್. ದೊಡ್ಡ ಕೆಪಾಸಿಟರ್ ಪ್ರತಿ ಸಲ ಎಳೆಯುವ ಕರೆಂಟಿನ ಹೊಡೆತ ಅದಕ್ಕೆ ತಡೆಯುವುದಿಲ್ಲ. ಅಲ್ಲಿ 22 ಮೈಕ್ರೋಫ್ಯಾರಡಿನ ಆಸುಪಾಸಿನಲ್ಲೇ ನಿಲ್ಲುವುದು ಕ್ಷೇಮ. ಅದರ ಮುಂದಿನ ಎರಡು 8 ಮೈಕ್ರೋಫ್ಯಾರಡ್‌ಗಳ ಕಥೆ ಬೇರೆ. ಅವು 10 ಕಿಲೋ ಮತ್ತು 22 ಕಿಲೋ ಓಮ್ ರೆಸಿಸ್ಟರ್‌ಗಳ ಹಿಂದೆ ಕೂತಿವೆ, ರೆಕ್ಟಿಫೈಯರ್‌ಗೆ ಅವುಗಳ ಭಾರ ತಟ್ಟುವುದಿಲ್ಲ. 100 ಹರ್ಟ್ಜಿನಲ್ಲಿ 10 ಕಿಲೋ ಮತ್ತು 8 ಮೈಕ್ರೋಫ್ಯಾರಡ್ ಸೇರಿ ಏರಿಳಿತವನ್ನು ಸುಮಾರು ಐವತ್ತನೇ ಒಂದು ಭಾಗಕ್ಕೆ ಇಳಿಸುತ್ತವೆ. 8ರ ಜಾಗಕ್ಕೆ 22 ಹಾಕಿದರೆ ಅದು ನೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಹೋಗುತ್ತದೆ. 60 ಹರ್ಟ್ಜಿನ ಸರ್ಕಿಟ್ಟನ್ನು ನಮ್ಮ ಕರೆಂಟಿಗೆ ಹೊಂದಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಇಷ್ಟಾದರೂ ಹೊಸದಾಗಿ ಕಟ್ಟಿದ ಆಂಪ್‌ನಲ್ಲಿ ಕೆಪಾಸಿಟರಿಗಿಂತ ಹೆಚ್ಚಾಗಿ ತಪ್ಪಿರುವುದು ಗ್ರೌಂಡ್ ತಂತಿಗಳ ಹಾದಿಯಲ್ಲಿ. ಪವರ್ ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಸೆಂಟರ್ ಟ್ಯಾಪಿನಿಂದ ಮೊದಲ ಕೆಪಾಸಿಟರಿನ ಮೈನಸ್‌ಗೆ ಸೆಕೆಂಡಿಗೆ 100 ಸಲ ಚೂಪಾದ ಕರೆಂಟಿನ ಹೊಡೆತಗಳು ಓಡುತ್ತವೆ. ಸೆಂಟರ್ ಟ್ಯಾಪನ್ನು ಚಾಸಿಯ ಒಂದು ಮೂಲೆಗೆ, ಕೆಪಾಸಿಟರನ್ನು ಇನ್ನೊಂದು ಮೂಲೆಗೆ ಬೆಸೆದರೆ ಆ ಹೊಡೆತವೆಲ್ಲ ಚಾಸಿಯ ತಗಡಿನಲ್ಲೇ ಹಾಯ್ದು ಪ್ರಿಆಂಪ್‌ನ ಗ್ರೌಂಡನ್ನು ಅಲುಗಿಸುತ್ತದೆ. ಮಿಲಿವೋಲ್ಟಿನ ಅಲುಗಾಟವಾದರೂ ಸಾಕು, 12ಎಎಕ್ಸ್7 ಅದನ್ನು ಗಿಟಾರಿನ ಸಿಗ್ನಲ್ ಎಂದೇ ಹಿಗ್ಗಿಸುತ್ತದೆ. ಪರಿಹಾರ ಸುಲಭ: ಸೆಂಟರ್ ಟ್ಯಾಪನ್ನು ನೇರ ಮೊದಲ ಕೆಪಾಸಿಟರಿನ ಮೈನಸ್ ಕಾಲಿಗೇ ತನ್ನಿ, ಅಲ್ಲಿಂದ ಒಂದೇ ತಂತಿ ಗ್ರೌಂಡಿಗೆ. ಪ್ರಿಆಂಪ್‌ನ ಕ್ಯಾಥೋಡ್ ರೆಸಿಸ್ಟರ್, ಗ್ರಿಡ್ ರೆಸಿಸ್ಟರ್, ಅದರ ಫಿಲ್ಟರ್ ಕೆಪಾಸಿಟರ್ ಇವೆಲ್ಲ ತಮ್ಮೊಳಗೆ ಒಂದಾಗಿ ಇನ್‌ಪುಟ್ ಜ್ಯಾಕಿನ ಬಳಿ ಚಾಸಿ ಸೇರಲಿ.

ಹೀಟರ್ ತಂತಿಗಳಲ್ಲಿ ಹರಿಯುವುದು 6.3 ವೋಲ್ಟ್ ಎಸಿ. ಅವನ್ನು ಬಿಗಿಯಾಗಿ ಹುರಿ ಹೊಸೆದು ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ, ಗ್ರಿಡ್ ತಂತಿಯ ಪಕ್ಕದಲ್ಲಿ ಬೇಡ. ಹೀಟರ್ ವೈಂಡಿಂಗಿಗೆ ಸೆಂಟರ್ ಟ್ಯಾಪ್ ಇಲ್ಲದಿದ್ದರೆ ಎರಡೂ ಕಡೆಯಿಂದ 100 ಓಮ್ ರೆಸಿಸ್ಟರ್ ಗ್ರೌಂಡಿಗೆ ಕೊಡುವುದು ವಾಡಿಕೆ. ಆಂಪ್ ಇದ್ದಕ್ಕಿದ್ದಂತೆ ಗುಂಯ್‌ಗುಟ್ಟಲು ತೊಡಗಿದರೆ ಇವೆರಡನ್ನು ಮೊದಲು ನೋಡಿ. ಔಟ್‌ಪುಟ್ ವಾಲ್ವ್ ಶಾರ್ಟ್ ಆದಾಗ ಇವು ಸುಟ್ಟುಹೋಗುವುದುಂಟು. ಆ ಎರಡು ರೆಸಿಸ್ಟರ್ ಸೇರುವ ಬಿಂದುವನ್ನು ಗ್ರೌಂಡಿನ ಬದಲು 6ವಿ6ನ ಕ್ಯಾಥೋಡಿಗೆ ಕೊಟ್ಟರೆ ಹೀಟರ್ ಸುಮಾರು 20 ವೋಲ್ಟ್ ಮೇಲೇಳುತ್ತದೆ. ಆಗ ಹೀಟರಿನಿಂದ ಪ್ರಿಆಂಪ್ ಕ್ಯಾಥೋಡಿಗೆ ಸೋರುವ ಹಮ್ ಎಷ್ಟೋ ಸಲ ಕೇಳದಷ್ಟು ತಗ್ಗುತ್ತದೆ. ಒಂದು ರೆಸಿಸ್ಟರನ್ನೂ ಹೊಸದಾಗಿ ಕೊಳ್ಳಬೇಕಿಲ್ಲದ ಈ ಉಪಾಯ ನನಗೆ ಬಹಳ ಇಷ್ಟ. ವಾಲ್ವೇ ಕೆಟ್ಟಿದೆಯೋ ಎಂದು ತಿಳಿಯಲು ಇನ್ನೊಂದು 12ಎಎಕ್ಸ್7 ಹಾಕಿ ನೋಡಿದರಾಯಿತು.

ಟ್ರಾನ್ಸ್‌ಫಾರ್ಮರುಗಳ ಜಾಗವನ್ನು ಚಾಸಿಗೆ ತೂತು ಕೊರೆಯುವ ಮುನ್ನವೇ ಗೊತ್ತು ಮಾಡಿಕೊಳ್ಳಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸ್ಪೀಕರ್ ತಂತಿಗಳಿಗೆ ಹೆಡ್‌ಫೋನ್ ಜೋಡಿಸಿ, ಪವರ್ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಕರೆಂಟು ಕೊಟ್ಟು (ಬಿಡಿ ತಂತಿಗಳಿಗೆಲ್ಲ ಟೇಪ್ ಸುತ್ತಿರಲಿ), ಔಟ್‌ಪುಟ್‌ನದನ್ನು ನಿಧಾನ ತಿರುಗಿಸಿ. ಹಮ್ ತೀರ ಕಡಿಮೆ ಕೇಳುವ ಕೋನವೇ ಅದರ ಜಾಗ, ಸಾಮಾನ್ಯವಾಗಿ ಒಂದಕ್ಕೊಂದು ಅಡ್ಡಡ್ಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಲ್ಲೋ ಟ್ರಾನ್ಸ್‌ಫಾರ್ಮರ್ ಸುತ್ತಿಸುವುದಾದರೆ 50 ಹರ್ಟ್ಜಿಗೇ ಬೇಕೆಂದು ಹೇಳಿ. 60 ಹರ್ಟ್ಜಿಗೆ ಅಳತೆ ಕಟ್ಟಿದ್ದನ್ನು ಇಲ್ಲಿ ಹಾಕಿದರೆ ಅದರ ಕಬ್ಬಿಣದಲ್ಲಿ ಕಾಂತತ್ವ ಐದನೇ ಒಂದು ಪಾಲು ಹೆಚ್ಚಿ, ಬಿಸಿಯಾಗಿ, ಅದೇ ಗುನುಗತೊಡಗುತ್ತದೆ.

ಕೆಲವು ಸಲ ದೋಷ ಆಂಪ್‌ನಲ್ಲಿ ಇರುವುದೇ ಇಲ್ಲ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಆರಿಸಿ ನೋಡಿ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನುಡಿಸುತ್ತಿದ್ದರೆ ಝರ್ರೆನ್ನುವುದು ಸಹಜ. ಕೆಲವು ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ಥ್ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಎಲೆಕ್ಟ್ರಿಷಿಯನ್ ಒಬ್ಬರಿಂದ ಅಳೆಸಿ: ಫೇಸ್‌ನಿಂದ ಅರ್ಥ್‌ಗೆ 230ರ ಹತ್ತಿರ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಕೆಲವೇ ವೋಲ್ಟ್ ಬರಬೇಕು. ಅರ್ಥ್ ಪಿನ್ ಕತ್ತರಿಸಿದರೆ ಹಮ್ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಚಾಸಿಗೆ ಸೇರಿರುತ್ತವೆ; ಅರ್ಥ್ ಇಲ್ಲದ ಚಾಸಿಗೆ ಫೇಸ್ ತಗುಲಿದ ದಿನ ಆ 230 ವೋಲ್ಟ್ ಬರುವುದು ನೇರ ನಿಮ್ಮ ಬೆರಳಿಗೆ.