ಶಾರ್ಟ್ ಆದರೂ ಟ್ರಿಪ್ ಆಗದ ಬ್ರೇಕರ್

ಮನೆಯಲ್ಲಿ ಶಾರ್ಟ್ ಆದರೆ ಎಂಸಿಬಿ ಟಪ್ಪನೆ ಬೀಳುತ್ತದೆ. ಶಾರ್ಟ್ ಎಂದರೆ ಭಾರಿ ಕರೆಂಟ್ ಹರಿಯುತ್ತದೆ ಎಂದೇ ನಾನೂ ಕಾಲೇಜಿನಲ್ಲಿ ಕಲಿತದ್ದು. ಆ ಪಾಠ ಎಲ್ಲ ಕಡೆಯೂ ನಡೆಯುವುದಿಲ್ಲ ಎಂದು ಗೊತ್ತಾದದ್ದು ಪುಣೆಗೆ ಬಂದ ಮೇಲೆ, ಒಂದು ಆಸ್ಪತ್ರೆಯ ಮೈಕ್ರೋಗ್ರಿಡ್‌ನಲ್ಲಿ.

ಚಾವಣಿಯ ತುಂಬ ಸೋಲಾರ್, ಕೆಳಗೆ ಬ್ಯಾಟರಿ, 250 ಕೆವಿಎ ಇನ್ವರ್ಟರ್. ಹೊರಗಿನ ಲೈನ್ ಹೋದರೂ ಆಸ್ಪತ್ರೆ ತನ್ನ ಪಾಡಿಗೆ ನಡೆಯಬೇಕು. ಆದರೆ ಇನ್ವರ್ಟರ್ ತನ್ನೊಳಗಿನ ಸೆಮಿಕಂಡಕ್ಟರ್‌ಗಳು ಸುಡಬಾರದೆಂದು ಕರೆಂಟನ್ನು ತಾನೇ ಹಿಡಿದಿಡುತ್ತದೆ. 415 ವೋಲ್ಟಿನಲ್ಲಿ ಅದರ ರೇಟಿಂಗ್ ಸುಮಾರು 348 ಆಂಪಿಯರ್. ಎಂಥ ಶಾರ್ಟ್ ಆದರೂ ಅದರ 1.2 ಪಟ್ಟು, ಅಂದರೆ 417 ಆಂಪಿಯರ್ ದಾಟುವುದಿಲ್ಲ.

ಅಡುಗೆಮನೆ, ಲಾಂಡ್ರಿಗೆ ಹೋಗುವ ಫೀಡರಿನ ರಿಲೇಯನ್ನು 400 ಆಂಪಿಯರಿಗೆ, ಟೈಮ್ ಮಲ್ಟಿಪ್ಲೈಯರನ್ನು 0.1ಕ್ಕೆ ಇಟ್ಟಿದ್ದರು. ಗ್ರಿಡ್‌ನಿಂದ 4,000 ಆಂಪಿಯರ್ ನುಗ್ಗಿದರೆ ಅದು 0.3 ಸೆಕೆಂಡಿನಲ್ಲಿ ಟ್ರಿಪ್ ಮಾಡುತ್ತದೆ. 417 ಆಂಪಿಯರಿಗೆ ಅದೇ ಸ್ಟ್ಯಾಂಡರ್ಡ್ ಇನ್ವರ್ಸ್ ಕರ್ವ್ ಹೇಳುವ ಲೆಕ್ಕ ಹದಿನಾರು ಹದಿನೇಳು ಸೆಕೆಂಡು! ಅಷ್ಟರೊಳಗೆ ವೋಲ್ಟೇಜ್ ಕುಸಿದು ಇನ್ವರ್ಟರೇ ಕೈಚೆಲ್ಲುತ್ತದೆ. ಲಾಂಡ್ರಿಯ ಕೇಬಲ್ ಕೆಟ್ಟದ್ದಕ್ಕೆ ವಾರ್ಡುಗಳೆಲ್ಲ ಕತ್ತಲು. ಐಸಿಯುಗೆ ಬೇರೆ ಯುಪಿಎಸ್ ಇತ್ತು, ನಿಜ. ಅದು ಎಷ್ಟು ಹೊತ್ತು ಬಂದೀತು?

ಇದಕ್ಕೆ ಮದ್ದು ಅಡಾಪ್ಟಿವ್ ರಕ್ಷಣೆ. ಒಂದೇ ರಿಲೇಯಲ್ಲಿ ಎರಡು ಸೆಟ್ಟಿಂಗ್ ಗ್ರೂಪ್: ಗ್ರಿಡ್ ಬ್ರೇಕರ್ ಮುಚ್ಚಿದ್ದರೆ ಒಂದನೆಯದು, ತೆರೆದರೆ ಎರಡನೆಯದು. ಗ್ರಿಡ್ ಇಲ್ಲದಾಗ ಲಾಂಡ್ರಿಯ ದೊಡ್ಡ ಯಂತ್ರಗಳು ಹೇಗೂ ನಿಲ್ಲುತ್ತವೆ, ಹಾಗಾಗಿ ಎರಡನೆಯದಕ್ಕೆ 120 ಆಂಪಿಯರ್, 0.2 ಸೆಕೆಂಡು ಕೊಟ್ಟೆ.

ಉದ್ಘಾಟನೆಯ ಹಿಂದಿನ ರಾತ್ರಿ ಪರೀಕ್ಷೆಗೆಂದು ಗ್ರಿಡ್ ಬ್ರೇಕರ್ ತೆರೆದೆವು. ರಿಲೇ ಒಂದನೇ ಗ್ರೂಪಿನಲ್ಲೇ ಕೂತಿತ್ತು. ಬ್ರೇಕರಿನ ಸ್ಥಿತಿ ತಿಳಿಸುವ ಪುಟ್ಟ ಆಕ್ಸಿಲಿಯರಿ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು. ಇಡೀ ಜಾಣತನ ನಿಂತದ್ದು ಆ ಒಂದು ಕಾಂಟ್ಯಾಕ್ಟಿನ ಮೇಲೆ.

“ಸಹಿ ಹಾಕಿಬಿಡಿ ಸಾಹೇಬ್, ಅದನ್ನು ಆಮೇಲೆ ಬದಲಿಸೋಣ,” ಎಂದರು ಮ್ಯಾನೇಜರ್. ನಾನು ಹಾಕಲಿಲ್ಲ. ಕಾಂಟ್ಯಾಕ್ಟ್ ಬದಲಿಸುವುದಷ್ಟೇ ಸಾಲದು ಎಂದೂ ಹೇಳಿದೆ. ಬ್ರೇಕರ್ ಮುಚ್ಚಿದಾಗ ಕೂಡುವ ಕಾಂಟ್ಯಾಕ್ಟ್ ಒಂದು, ತೆರೆದಾಗ ಕೂಡುವುದು ಇನ್ನೊಂದು, ಎರಡರಿಂದಲೂ ವೈರ್ ಎಳೆಸಿದೆ. ಎರಡರ ಮಾತು ತಾಳೆಯಾಗದಿದ್ದರೆ ರಿಲೇ 120ಕ್ಕೇ ಇಳಿಯಬೇಕು. ಹೀಗೆ ಮಾಡಿದರೆ ಗ್ರಿಡ್ ಇರುವಾಗ ಮೋಟಾರ್ ಶುರುವಾದರೂ ಸುಮ್ಮನೆ ಟ್ರಿಪ್ ಆಗಬಹುದು, ಲಾಂಡ್ರಿಯವರು ಬೈಯಬಹುದು. ಬೈಸಿಕೊಳ್ಳಬಹುದಾದ ತೊಂದರೆ ಅದು.

ಉದ್ಘಾಟನೆ ಮೂರು ದಿನ ಮುಂದಕ್ಕೆ ಹೋಯಿತು. ಅಷ್ಟೂ ದಿನ ಮ್ಯಾನೇಜರ್ ನನಗೆ ಚಹಾ ಬೇಕೇ ಎಂದು ಕೇಳಲಿಲ್ಲ. ಕೊನೆಯ ಸಂಜೆ ಬ್ರೇಕರ್ ತೆರೆದು, 417 ಆಂಪಿಯರಿಗೆ ಸಮನಾದ ಕರೆಂಟನ್ನು ಟೆಸ್ಟ್ ಕಿಟ್‌ನಿಂದ ರಿಲೇಗೆ ಕೊಟ್ಟೆ. 0.2 ಸೆಕೆಂಡಿಗೆ ಟ್ರಿಪ್. ಸಹಿ ಹಾಕಿದೆ.