ಹಸುರು ಸೀಮೆಯಲ್ಲಿ ಜೇನಿನ ಮೇವು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಕಡೆಯ ಬಿಳಿಗೆರೆ ಸೀಮೆಯ ಗದ್ದೆಗಳನ್ನು ಕಂಡವರಿಗೆ, ಜೇನುಸಾಕಣೆಗೆ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲವೆಂದು ತೋರುವುದು ಸಹಜ. ಆದರೆ ಹಸುರೆಲ್ಲವೂ ಜೇನಿಗೆ ಮೇವಲ್ಲ. ಬತ್ತ, ಕಬ್ಬುಗಳು ಹುಲ್ಲಿನ ಕುಲಕ್ಕೆ ಸೇರಿದವು. ಅವುಗಳ ಹೂಗಳಲ್ಲಿ ಮಕರಂದವಿಲ್ಲ. ಹವ್ಯಾಸಕ್ಕಾಗಿ ಜೇನು ಸಾಕಬಯಸುವವರು ಮೊದಲು ಅರಿಯಬೇಕಾದ ಸಂಗತಿಯಿದು.

ನಮ್ಮ ನಾಡಿನ ಹೆಜ್ಜೇನು ಮತ್ತು ಕೋಲುಜೇನುಗಳು ಬಯಲಿನಲ್ಲಿ ಒಂದೊಂದೇ ಎರಿಯನ್ನು ಕಟ್ಟುವುದರಿಂದ ಪೆಟ್ಟಿಗೆಗೆ ಒಗ್ಗುವುದಿಲ್ಲ. ತುಡುವೆಯಾದರೋ ಪೊಟರೆಯ ಕತ್ತಲಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುತ್ತದೆ. ಹುಳುಗಳು ತಮ್ಮ ಓಡಾಟಕ್ಕೆ ಬಿಡುವ ಕಿರುತೆರಪನ್ನು ಗಮನಿಸಿ, ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಎತ್ತಿ ತೆಗೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದರು. ಅದೇ ತತ್ತ್ವದ ಮೇಲೆ ತುಡುವೆಗೆ ಒಪ್ಪುವ ಚಿಕ್ಕ ನ್ಯೂಟನ್ ಪೆಟ್ಟಿಗೆ ದಕ್ಷಿಣ ಭಾರತದಲ್ಲಿ ಬಳಕೆಗೆ ಬಂದಿತು. ಎರಿಯನ್ನು ಹಿಂಡದೆ ತುಪ್ಪ ತೆಗೆಯುವುದು ಇದರಿಂದ ಸಾಧ್ಯವಾಯಿತು.

ಆದರೆ ಪೆಟ್ಟಿಗೆ ಮನೆ ಮಾತ್ರ, ಊಟ ಹೊರಗಿನದು. ಮೇವು ತೀರಿದಾಗ ತುಡುವೆ ಗೂಡನ್ನೇ ತೊರೆದು ಹೋಗುತ್ತದೆ. ಸುತ್ತ ಒಂದು ಕಿಲೋಮೀಟರನ್ನು ಅದರ ಸಂಚಾರದ ಮೇರೆಯೆಂದು ಎಣಿಸಿದರೂ, ಆ ವೃತ್ತದ ವಿಸ್ತೀರ್ಣ ಸುಮಾರು 775 ಎಕರೆಗಳಾಗುತ್ತದೆ. ಸಾಕುವವನ ಹಿತ್ತಿಲು ಅದರಲ್ಲಿ ಎಷ್ಟರದು? ಉಳಿದುದೆಲ್ಲ ನೆರೆಯವರ ಹೊಲ. ಆದುದರಿಂದ ಜೇನಿನ ಅಳಿವು ಉಳಿವುಗಳು ಊರಿಗೆ ಊರೇ ಹೊರಬೇಕಾದ ಹೊಣೆಯೆಂದು ನಾವು ಭಾವಿಸುತ್ತೇವೆ.

ಈ ಹೊಣೆ ಕಷ್ಟದ್ದೇನೂ ಅಲ್ಲ. ತೆಂಗು ವರ್ಷವಿಡೀ ಹೊಂಬಾಳೆ ಬಿಡುತ್ತದೆ. ಹೊಂಗೆ ಬೇಸಗೆಯಲ್ಲಿ, ಹುಚ್ಚೆಳ್ಳು ಮಳೆಗಾಲದ ಕೊನೆಗೆ ಹೂವಾಗುತ್ತವೆ. ಬದುವಿನ ತುಂಬೆಯನ್ನು ಕಳೆಯೆಂದು ಕೆತ್ತದೆ ಬಿಟ್ಟರೆ ನಡುವಣ ಕೊರತೆ ತಕ್ಕಮಟ್ಟಿಗೆ ನೀಗುತ್ತದೆ. ಹೂಬಿಟ್ಟ ಪೈರಿಗೆ ಕೀಟನಾಶಕವನ್ನು ಹೊಡೆಯಬಾರದು. ಅನಿವಾರ್ಯವಾದರೆ ಹುಳುಗಳು ಗೂಡು ಸೇರಿದ ಸಂಜೆಯ ಮೇಲೆ ಹೊಡೆಯಬೇಕು. ತಟ್ಟೆಯ ನೀರಿನಲ್ಲಿ ನಾಲ್ಕು ಕಲ್ಲುಗಳನ್ನಿಟ್ಟರೆ ಹುಳುಗಳು ಮುಳುಗದೆ ಕುಡಿಯುತ್ತವೆ. ಮರದ ಹೆಜ್ಜೇನಿಗೆ ಬೆಂಕಿ ಹಿಡಿಯದಿರುವುದೂ ಒಂದು ಉಪಕಾರವೇ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಮರಿಹುಳುಗಳನ್ನು ಕೊಂದು, ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಆದುದರಿಂದ ದೂರದೂರಿನ ಕುಟುಂಬಗಳನ್ನು ಪರೀಕ್ಷಿಸದೆ ತರುವುದು ತನಗೂ ನೆರೆಗೂ ಕೇಡು.

ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನಲ್ಲಿ ಯಾವ ತಿಂಗಳು ಯಾವ ಹೂ ಅರಳುತ್ತದೆ, ಅದಕ್ಕೆ ಜೇನು ಬರುತ್ತದೆಯೇ ಎಂಬುದನ್ನು ಒಂದು ವರ್ಷ ಬರೆದಿಡಬಹುದು. ಹೂವಿಲ್ಲದ ತಿಂಗಳು ಯಾವುದೆಂದು ಆ ಪಟ್ಟಿ ತೋರಿಸುತ್ತದೆ. ಯಾವ ಗಿಡವನ್ನು ನೆಡಬೇಕೆಂಬುದೂ ಅಲ್ಲಿಯೇ ತಿಳಿಯುತ್ತದೆ. ಪೆಟ್ಟಿಗೆಯನ್ನು ಕೊಳ್ಳುವುದು ಅದರ ಅನಂತರದ ಕೆಲಸ.